ಓದುಗರ ಪ್ರಶ್ನೆ: ಕುದಿಸಿದ ನೀರಿಗೂ ರೋಧ ಏರುವುದೇಕೆ?

ಪ್ರಶ್ನೆ: ನೀರಿನಲ್ಲಿ ಇ. ಕೋಲೈ (ಮಲದ ಸೋಂಕು ಸೂಚಿಸುವ ಬ್ಯಾಕ್ಟೀರಿಯಾ) ಇದೆಯೇ ಎಂದು ನೋಡುವ ಸೆನ್ಸರ್ ಮಾಡುತ್ತಿದ್ದೇನೆ; ಬ್ಯಾಕ್ಟೀರಿಯಾ ಅಂಟಿದರೆ ಅದರ ವಿದ್ಯುತ್ ರೋಧ ಏರಬೇಕು. ಪ್ರಿಂಟೆಡ್ ಕಾರ್ಬನ್ ಇಲೆಕ್ಟ್ರೋಡ್ ಮೇಲೆ ಪಾಲಿಅನಿಲೀನ್ (ವಿದ್ಯುತ್ ಹರಿಸುವ ಪಾಲಿಮರ್) ಪದರ ಬೆಳೆಸಿ, ಗ್ಲುಟರಾಲ್ಡಿಹೈಡ್ ಎಂಬ ಬೆಸುಗೆ ರಾಸಾಯನಿಕ ಬಳಸಿ ಇ. ಕೋಲೈ ಹಿಡಿಯುವ ಆಂಟಿಬಾಡಿ (ಪ್ರೋಟೀನ್) ಕೂರಿಸಿದ್ದೇನೆ. ಬೋರಿನ ನೀರನ್ನು ಕುದಿಸಿ ಆರಿಸಿ ಹಾಕಿದರೂ ರೋಧ ಏರುತ್ತದೆ. ತಪ್ಪೆಲ್ಲಿ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ಗದಗ

ಉತ್ತರ: ಮೊದಲು ಪದರದ ಬಣ್ಣ ನೋಡಿ. ಹಸಿರು ಹೋಗಿ ನೀಲಿಯಾಗಿದ್ದರೆ ರೋಧ ಏರಿಸಿದ್ದು ಪಾಲಿಮರೇ. ಪಾಲಿಅನಿಲೀನ್ ಆಮ್ಲದಲ್ಲಷ್ಟೇ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಪಿಎಚ್ (ಆಮ್ಲೀಯತೆಯ ಅಳತೆ; 7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲ) 4 ದಾಟಿದರೆ ಪ್ರೋಟಾನ್ ಬಿಟ್ಟುಕೊಟ್ಟು ಸೊರಗುತ್ತದೆ. ಬೋರಿನ ನೀರಿರಲಿ, ಪಿಎಚ್ 7.4ರಲ್ಲೇ ನಿಲ್ಲುವ ದ್ರಾವಣವಾದ ಬಫರ್‌ನಲ್ಲೂ ಇದೇ ಪಾಡು. 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 0.1 ಮೋಲಾರ್ ಅನಿಲೀನ್ ಹಾಕುವಾಗ ಪಾಲಿಸ್ಟೈರೀನ್ ಸಲ್ಫೊನೇಟನ್ನೂ ಬೆರೆಸಿ. ದೊಡ್ಡ ಅಣುವಾದ್ದರಿಂದ ಪದರದೊಳಗೇ ಉಳಿದು, ತಟಸ್ಥ ಪಿಎಚ್‌ನಲ್ಲೂ ಅದನ್ನು ಜೀವಂತವಾಗಿಡುತ್ತದೆ. ಅನಿಲೀನ್ ಕಂದಾಗಿದ್ದರೆ ಬಟ್ಟಿ ಇಳಿಸದೆ ಬಳಸಬೇಡಿ.

ಎರಡನೆಯ ತಪ್ಪು ಕುದಿಸಿದ್ದು! ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ಬಿಟ್ಟು ಹೋಗುವುದಿಲ್ಲ. ಸತ್ತ ಕೋಶವನ್ನೂ ಆಂಟಿಬಾಡಿ ಹಿಡಿಯುತ್ತದೆ. ಜೊತೆಗೆ ಗಡಸು ನೀರು ಕುದಿದಾಗ ಪಾತ್ರೆಯ ತಳಕ್ಕೆ ಕೂರುವ ಬಿಳಿ ಸುಣ್ಣವೇ ಇಲೆಕ್ಟ್ರೋಡ್ ಮೇಲೂ ಕೂರಬಹುದು. ಹೋಲಿಕೆಗೆ ಕುದಿಸದೆ, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ ಅದೇ ನೀರು ಬಳಸಿ.

ಸವಳು ನೀರಿನಲ್ಲೇ ಅಳೆಯಬೇಡಿ, ಉಪ್ಪಿನಂಶವೂ ಅಂಕಿ ಬದಲಿಸುತ್ತದೆ. ಹಿಡಿಯುವುದು ನೀರಿನಲ್ಲಿ, ಅಳೆಯುವುದು ಬಫರ್‌ನಲ್ಲಿ: ಇಲೆಕ್ಟ್ರೋಡನ್ನು ನೀರಿನಲ್ಲಿ ಅರ್ಧ ತಾಸು ಅದ್ದಿ, 0.05% ಟ್ವೀನ್-20 (ಸೋಪಿನಂಥ ವಸ್ತು) ಇರುವ ಬಫರ್‌ನಿಂದ ತೊಳೆದು, ಅಳತೆಗೆ ಬಳಸುವ ಕಬ್ಬಿಣದ ಲವಣಗಳಾದ 5 ಮಿಲಿಮೋಲಾರ್ ಫೆರಿ-ಫೆರೋಸಯನೈಡ್‌ನಲ್ಲಿ ಓದಿ. ಅದ್ದುವ ಮುಂಚಿನ ಓದೂ ಅದೇ ದ್ರಾವಣದಲ್ಲಿರಲಿ. ಆಂಟಿಬಾಡಿ ಕೂತ ಮೇಲೆ 1% ಹಸುವಿನ ರಕ್ತದ ಪ್ರೋಟೀನ್ ಆದ ಬಿಎಸ್‌ಎ ಹಾಕಿ ಖಾಲಿ ಜಾಗ ಮುಚ್ಚಿದ್ದೀರಿ ತಾನೆ? ನಳದ ನೀರಾದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕಳೆಯಿರಿ.

ಇನ್ನೊಂದು ಲೆಕ್ಕ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ.ನಲ್ಲಿ ಒಂದೂ ಇ. ಕೋಲೈ ಕಾಣಬಾರದು. ನೀವು ಹಾಕುವ ಹನಿ 50 ಮೈಕ್ರೋಲೀಟರ್ ಆದರೆ ಅದು ಈ ನೀರಿನ ಎರಡು ಸಾವಿರದಲ್ಲೊಂದು ಪಾಲು. ಅದರಲ್ಲಿ ಸಿಗದಿದ್ದರೆ ನೀರು ಶುದ್ಧವೆಂದಲ್ಲ. 100 ಮಿ.ಲೀ. ನೀರನ್ನು 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ, ಪೊರೆಯನ್ನು ಲ್ಯಾಕ್ಟೋಸ್ ಬ್ರಾತ್‌ನಲ್ಲಿ 37 ಡಿಗ್ರಿಯಲ್ಲಿ ಕೆಲವು ತಾಸು ಇಡಿ. ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದರೆ ಬದುಕಿರುವವು ಮಾತ್ರ ಹೆಚ್ಚಿರುತ್ತವೆ.

ಪ್ರಶ್ನೆ: ಮನೆಯಲ್ಲೇ ಬಾವಿ ನೀರು ನೋಡಲು ಇಂಥ ಸೆನ್ಸರ್ ಬೇಕೆ?
— ಗೃಹಿಣಿ, ಹಾವೇರಿ

ಉತ್ತರ: ಬೇಡ. ಎಚ್‌2ಎಸ್ ಬಾಟಲಿ (ಮಲದ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಕಪ್ಪಾಗುವ ಪರೀಕ್ಷಾ ಬಾಟಲಿ) ಸಾಕು. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ತಾಸಿನೊಳಗೆ ಕಪ್ಪಾದರೆ ಮಲದ ಸೋಂಕಿನ ಅನುಮಾನ. ನೀರಿಗೆ ಮೊದಲೇ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಮಾತ್ರ ಈ ಕಪ್ಪನ್ನು ನಂಬಬೇಡಿ. ಬಳಸಿದ ಬಾಟಲಿಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿಟ್ಟು, ಆಮೇಲೆ ಚೆಲ್ಲಿ.