ತುಂಬಿದ ಸಿಲಿಂಡರ್, ಹಸಿದ ಬಾಪ್ಪು

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಬದಿಯಡ್ಕದ ಹತ್ತಿರ ನಮ್ಮ ಮನೆ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷ ಗಲ್ಫಿನಲ್ಲಿದ್ದ ಪತಿ ಮೂರು ವರ್ಷದ ಹಿಂದೆ ಊರಿಗೆ ಮರಳಿದರು. ಅಂದಿನಿಂದ ನಮ್ಮಲ್ಲಿ ಭಾನುವಾರವೆಂದರೆ ನೆಂಟರ ದಿನ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಯಾರು ಸಿಕ್ಕಿದರೂ ‘ಮಧ್ಯಾಹ್ನ ಊಟಕ್ಕೆ ಬನ್ನಿ’ ಎನ್ನುತ್ತಾರೆ. ಎಂಟು ಜನ, ಕೆಲವೊಮ್ಮೆ ಹತ್ತು ಜನ. ಗಲ್ಫಿನ ರೂಮಿನಲ್ಲಿ ತಾನೇ ಮಾಡುತ್ತಿದ್ದ ಕೋಳಿ ಸಾರಿನ ಕಥೆಯನ್ನು ಅವರು ಚಾವಡಿಯಲ್ಲಿ ಹೇಳುತ್ತಿರುವಾಗ ನಾನು ಒಳಗೆ ಬೆವರುತ್ತಾ ಹಂದಿ ಮಾಂಸದ ಬಾಫಾತ್ ಕಲಕುತ್ತಿರುತ್ತೇನೆ. ವಾರ್ಡಿನ ಪ್ರಾರ್ಥನಾಕೂಟ ನಮ್ಮ ಮನೆಯಲ್ಲಿ ನಡೆದಾಗಲೂ ಶುಭಸಂದೇಶ ಓದುವ ಹೊತ್ತಿಗೆ ನಾನು ಬೋಂಡ ಕರಿಯುತ್ತಿದ್ದೆ. ಅತ್ತೆಗೆ ಎಪ್ಪತ್ತನಾಲ್ಕು. ‘ಬಂದವರನ್ನು ದೇವರೇ ಕಳುಹಿಸಿದ್ದು, ನಾನು ಐವತ್ತು ವರ್ಷ ಮಾಡಲಿಲ್ಲವೇ’ ಎನ್ನುತ್ತಾರೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮಣೆಯಲ್ಲಿ ಕುಳಿತು ಉಣ್ಣುವುದು ಅವರ ಅಭ್ಯಾಸ. ಈಗ ನನ್ನದೂ ಹೌದು.

ಜುಲೈಯಲ್ಲಿ ಒಂದು ಭಾನುವಾರ ಮಾರ್ತಾ–ಮರಿಯರ ಶುಭಸಂದೇಶವಿತ್ತು: ಯೇಸು ಮನೆಗೆ ಬಂದಾಗ ಮಾರ್ತಾ ಕೆಲಸದಲ್ಲಿ ಮುಳುಗಿ, ಸೋದರಿ ಮರಿಯಾ ಅವರ ಮಾತು ಕೇಳುತ್ತಾ ಕುಳಿತು, ಮಾರ್ತಾ ದೂರಿದ ಕಥೆ. ಕೆಲಸವನ್ನು ಬದಿಗಿಟ್ಟು ಮರಿಯಳಂತೆ ಕುಳಿತುಕೊಳ್ಳಬೇಕೆಂದು ಪ್ರವಚನವಾಯಿತು. ಆ ದಿನ ಮಧ್ಯಾಹ್ನ ಒಂಬತ್ತು ಜನ ಊಟಕ್ಕೆ! ನನಗೆ ಯೇಸುವಿನ ಮೇಲೆಯೇ ಕೋಪ ಬಂತು. ಅದೇ ವಾರ, ರಜೆಯ ದಿನ ನಾನೊಬ್ಬಳೇ ಇದ್ದಾಗ, ಮಾವನ ದಾಯಾದಿಯೊಬ್ಬರು ಬಂದರು. ನಾವು ಬಾಪ್ಪು ಎನ್ನುತ್ತೇವೆ. ಹೆಂಡತಿ ತೀರಿಹೋಗಿದ್ದಾರೆ, ಬಾಯಲ್ಲಿ ಹಲ್ಲಿಲ್ಲ, ಮಂಜೇಶ್ವರದ ಕಡೆಯಿಂದ ಎರಡು ಬಸ್ ಹಿಡಿದು ಬಂದಿದ್ದರು. ಗಂಟೆ ಹನ್ನೆರಡೂವರೆ. ನಾನು ‘ಗ್ಯಾಸ್ ಮುಗಿದಿದೆ ಬಾಪ್ಪು’ ಎಂದುಬಿಟ್ಟೆ. ಚಹಾ ಕೊಟ್ಟರೆ ಸುಳ್ಳು ಹೊರಬೀಳುತ್ತದೆಂದು ಲಿಂಬೆ ಶರಬತ್ತು ಕೊಟ್ಟೆ. ‘ಇರಲಿ ಮಗಳೇ’ ಎಂದು ಕುಡಿದು ಹೋದರು. ಅರ್ಧ ಗಂಟೆಯ ನಂತರ ಹಾಲಿಗೆಂದು ಸ್ಕೂಟರಿನಲ್ಲಿ ಹೋದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವರು ಒಬ್ಬರೇ ಕುಳಿತು ಉಣ್ಣುತ್ತಿದ್ದುದು ಕಾಣಿಸಿತು.

ಈಗ ತೆನೆಹಬ್ಬಕ್ಕೆ ಪತಿ ಇಪ್ಪತ್ತೈದು ಜನರನ್ನು ಕರೆದಿದ್ದಾರೆ. ನೆರೆಯವರ ಓಣಂ ‘ಸದ್ಯ’ (ಹಬ್ಬದೂಟ) ಉಂಡು ಬಂದ ಮೇಲೆ ನಮ್ಮಲ್ಲಿಯೂ ಹದಿನೈದು ಬಗೆ ಆಗಬೇಕಂತೆ. ಕೇಟರಿಂಗ್‌ಗೆ ಹೇಳೋಣ ಎಂದೆ. ‘ಹೊಸ ಅಕ್ಕಿಯ ಊಟವನ್ನು ದುಡ್ಡು ಕೊಟ್ಟು ತರುವುದೇ’ ಎಂದ ಅತ್ತೆ ಹತ್ತು ದಿನಗಳಿಂದ ನನ್ನೊಡನೆ ಮಾತಾಡುತ್ತಿಲ್ಲ. ನನ್ನ ವಿಶ್ವಾಸ ಕುಂದಿದೆಯೇ? ಗ್ಯಾಸಿನ ಸುಳ್ಳನ್ನು ಪಾಪನಿವೇದನೆಯಲ್ಲಿ ಹೇಳಬೇಕೇ?

ಹೆಸರು ಬೇಡ, ಬದಿಯಡ್ಕ ಸಮೀಪ

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತಾ ನಾನು ತಡೆದು ನಿಂತದ್ದು ಶರಬತ್ತಿನ ಹತ್ತಿರ. ಗ್ಯಾಸ್ ಮುಗಿದ ಮನೆಯಲ್ಲಿ ಚಹಾ ಆಗಬಾರದೆಂದು ಹೊಳೆಯಿತಲ್ಲ, ಅಷ್ಟು ದಣಿದ ತಲೆಗೆ! ನಾನಾದರೆ ಚಹಾ ಕೊಟ್ಟು ಸಿಕ್ಕಿಬೀಳುತ್ತಿದ್ದೆ. ಒಮ್ಮೆ ಹೀಗೆಯೇ ಸಂಜೆ ಗೇಟಿನ ಬಳಿ ಆಟೋ ನಿಂತ ಸದ್ದು ಕೇಳಿ, ದೀಪ ಆರಿಸಿ, ಮಕ್ಕಳ ಬಾಯಿಗೆ ಕೈಯಿಟ್ಟು ಕತ್ತಲಲ್ಲಿ ಕುಳಿತಿದ್ದೆ. ಬಂದವರು ‘ಪೇಟೆಗೆ ಹೋಗಿರಬೇಕು, ಬರುತ್ತಾರೆ’ ಎಂದು ಜಗಲಿಯಲ್ಲಿ ಮುಕ್ಕಾಲು ಗಂಟೆ ಕಾದರು. ಕಿರಿಯವನು ಕೆಮ್ಮಿದ. ಮುಂದಿನದನ್ನು ಬರೆಯಲು ಈಗಲೂ ನಾಚಿಕೆ.

ಆದ್ದರಿಂದ ಸುಳ್ಳಿನ ಬಗ್ಗೆ ಗಂಭೀರ ಮುಖ ಮಾಡಿ ಉಪದೇಶ ಹೇಳುವ ಯೋಗ್ಯತೆ ನನಗಿಲ್ಲ. ಪಾಪನಿವೇದನೆಯಲ್ಲಿ ಹೇಳಬೇಕೆಂದು ಮನಸ್ಸು ಚುಚ್ಚುತ್ತಿದ್ದರೆ ಹೇಳಿ, ಹಗುರವಾಗುತ್ತದೆ. ಆದರೆ ಅದರಿಂದ ಬಾಪ್ಪುವಿನ ಆ ಮಧ್ಯಾಹ್ನದ ಊಟದ ಬಾಕಿ ತೀರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಾರ್ತಾಳ ವಿಚಾರ. ಆಕೆಯ ಕಥೆಯನ್ನು ಹೇಳುವವರಲ್ಲಿ ಹೆಚ್ಚಿನವರು ಅಡುಗೆ ಮಾಡದವರು. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ನೀವೇ ಒಮ್ಮೆ ಬಿಡಿಸಿ ನೋಡಿ. ಯೇಸುವನ್ನು ಮನೆಗೆ ಬರಮಾಡಿಕೊಂಡವಳು ಮಾರ್ತಾ. ತಾನು ಕರೆದ ಅತಿಥಿಗೆ ತಾನು ಅಡುಗೆ ಮಾಡಲು ಹೊರಟವಳು ಅವಳು. ನೀವು ಮಾಡುತ್ತಿರುವುದು ಬೇರೊಬ್ಬರು ಕರೆದ ಅತಿಥಿಗಳಿಗೆ. ಈ ವ್ಯತ್ಯಾಸ ಸಣ್ಣದಲ್ಲ. ಅಡುಗೆ ಮಾಡಿದ್ದು ತಪ್ಪೆಂದು ಯೇಸು ಹೇಳಲೂ ಇಲ್ಲ. ಹಲವು ವಿಷಯಗಳಿಗೆ ಗಾಬರಿಯಾಗಿದ್ದೀಯೆ, ಬೇಕಾದದ್ದು ಒಂದೇ ಎಂದರು. ಆ ‘ಒಂದೇ’ ಎಂಬುದನ್ನು ಒಂದು ಪದಾರ್ಥ ಸಾಕು ಎಂಬ ಅರ್ಥದಲ್ಲಿ ಓದಿದವರೂ ಇದ್ದಾರೆ. ಪಂಡಿತರು ಒಪ್ಪಲಿ ಬಿಡಲಿ, ಮೂವತ್ತು ವರ್ಷ ಒಲೆಯ ಮುಂದೆ ನಿಂತ ನನಗೆ ಆ ಓದು ಬಹಳ ಹಿತ.

ಇನ್ನು ಯೊವಾನ್ನನ ಶುಭಸಂದೇಶಕ್ಕೆ ಹೋದರೆ ಅಲ್ಲಿರುವುದು ಬೇರೆಯದೇ ಮಾರ್ತಾ. ಅವರ ಸೋದರ ಲಾಜರ ಸತ್ತಾಗ ಮರಿಯಾ ಮನೆಯಲ್ಲಿ ಕುಳಿತೇ ಇರುತ್ತಾಳೆ. ಎದ್ದು ದಾರಿಗೆ ಹೋಗಿ, ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಯೇಸುವಿಗೇ ಆಕ್ಷೇಪ ಹೇಳಿ, ನೀವೇ ದೇವರ ಪುತ್ರ ಎಂದು ಒಪ್ಪಿಕೊಂಡವಳು ಈ ಅಡುಗೆಯವಳೇ. ಆಮೇಲೆ ಅವರ ಊರಾದ ಬೆಥಾನಿಯಲ್ಲಿ ಮತ್ತೊಂದು ಊಟ. ಅಲ್ಲಿಯೂ ಬಡಿಸುವವಳು ಮಾರ್ತಾ. ಈ ಸಲ ಯಾರೂ ಆಕೆಗೆ ಏನೂ ಹೇಳುವುದಿಲ್ಲ. ಜುಲೈ 29 ಬಹುಕಾಲ ಮಾರ್ತಾ ಒಬ್ಬಳದೇ ಸ್ಮರಣೆಯ ದಿನವಾಗಿತ್ತು, 2021ರಿಂದ ಮಾರ್ತಾ, ಮರಿಯಾ, ಲಾಜರ ಮೂವರದೂ ಆಗಿದೆ. ಲಾಜರನೂ ಇನ್ನು ಪಾತ್ರೆ ತೊಳೆಯಲು ಬರಬಹುದೆಂದು ನನ್ನ ಆಸೆ. ಯೇಸುವಿನ ಮೇಲೆ ಕೋಪ ಬಂತು ಎಂದಿರಿ. ಮಾರ್ತಾಳಿಗೂ ಬಂದಿತ್ತು, ಮುಖಕ್ಕೇ ಹೇಳಿದ್ದಳು. ವಿಶ್ವಾಸ ಕುಂದಿದವರು ಹಾಗೆ ಜಗಳಕ್ಕೆ ನಿಲ್ಲುವುದಿಲ್ಲ.

ಅತ್ತೆಯ ಮಾತಿಗೆ ಬರೋಣ. ಬಂದವರನ್ನು ದೇವರೇ ಕಳುಹಿಸಿದ್ದು ಎನ್ನುವುದು ಅವರೊಬ್ಬರ ಮಾತಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಗಳಲ್ಲಿ, ಬರುವ ಅತಿಥಿಗಳೆಲ್ಲರನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎಂದಿದ್ದಾರೆ. ಈ ಮಾತು ಎಲ್ಲರಿಗೂ ಗೊತ್ತು. ಅದೇ ಐವತ್ತಮೂರನೆಯ ಅಧ್ಯಾಯದ ಕೆಳಗಿನ ಸಾಲುಗಳನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊತ್ತುಗೊತ್ತಿಲ್ಲದೆ ಬರುವ ಅತಿಥಿಗಳಿಗಾಗಿ ಬೇರೆಯೇ ಅಡುಗೆಮನೆ ಇರಬೇಕು, ಕೆಲಸ ಬಲ್ಲ ಇಬ್ಬರನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿ ನೇಮಿಸಬೇಕು, ಅವರು ಗೊಣಗದೆ ಮಾಡುವಂತೆ ಬೇಕಾದಾಗ ಸಹಾಯಕರನ್ನೂ ಕೊಡಬೇಕು ಎಂದಿದೆ. ಮಠದ ಉಳಿದ ಅಡುಗೆಗೆ ವಾರಕ್ಕೊಬ್ಬರಂತೆ ಸರದಿ. ಅತಿಥಿಯಲ್ಲಿ ಕ್ರಿಸ್ತನನ್ನು ಕಾಣು ಎಂದವರಿಗೆ ಒಲೆಯ ಮುಂದೆ ನಿಂತವನ ಬೆನ್ನುನೋವೂ ಕಂಡಿತ್ತು. ನಿಮ್ಮ ಗೊಣಗಾಟಕ್ಕೆ ಕಾರಣ ಸಹಾಯಕರಿಲ್ಲದ್ದು. ಅದಕ್ಕೆ ಪ್ರಾರ್ಥನೆ ಹೆಚ್ಚಿಸಿ ಪ್ರಯೋಜನವಿಲ್ಲ, ಕೈಗಳನ್ನು ಹೆಚ್ಚಿಸಬೇಕು.

ಕೈಗಳು ಮನೆಯಲ್ಲಿಯೇ ಇವೆ. ಗಲ್ಫಿನ ರೂಮಿನಲ್ಲಿ ಗಂಡಸರು ಸರದಿಯಲ್ಲಿ ಅಡುಗೆ ಮಾಡುತ್ತಾರೆಂಬುದು ಕಾಸರಗೋಡಿನಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಎಂಟು ಜನರಿಗೆ ಕೋಳಿ ಸಾರು ಮಾಡಿದ ಮನುಷ್ಯ ಮಂಗಳೂರಿನಲ್ಲಿ ವಿಮಾನ ಇಳಿಯುವಷ್ಟರಲ್ಲಿ ಅದನ್ನು ಮರೆಯುವುದಿಲ್ಲ. ಮುಂದಿನ ಶನಿವಾರ ರಾತ್ರಿ, ಮಕ್ಕಳು ಮಲಗಿದ ಮೇಲೆ, ಅವರೊಡನೆ ಮಾತಾಡಿ. ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೊರಡುವ ಗಡಿಬಿಡಿಯಲ್ಲಿ ಬೇಡ, ಅತ್ತೆಯ ಎದುರಿಗಂತೂ ಬೇಡವೇ ಬೇಡ. ‘ನೀವು ಕರೆಯುವುದು ನನಗೂ ಸಂತೋಷವೇ, ಆದರೆ ತಿಂಗಳಿಗೆ ಎರಡು ಭಾನುವಾರ ಸಾಕು, ಅವುಗಳಲ್ಲಿ ಒಂದು ನಿಮ್ಮ ಕೋಳಿ ಸಾರಿನದು’ ಎನ್ನಿ. ಕಥೆ ಕೇಳಿ ಕೇಳಿ ಅತಿಥಿಗಳಿಗೂ ಅದರ ರುಚಿ ನೋಡುವ ಆಸೆ ಇದ್ದೀತು. ಮೊದಲ ಸಲ ಕಾಯಿ ಹೆರೆಯುವಾಗ ನೆಲಕ್ಕೆ ಅರ್ಧ ಬೀಳುತ್ತದೆ, ಮಸಾಲೆ ತಳ ಹಿಡಿಯುತ್ತದೆ. ನೀವು ಒಳಗೆ ಹೋಗಬೇಡಿ. ಇದು ಬಹಳ ಕಷ್ಟ, ಬಲ್ಲೆ. ನನ್ನ ಮನೆಯಲ್ಲಿ ಇದನ್ನು ಕಲಿಯಲು ನನಗೆ ಹೆಚ್ಚು ಕಾಲ ಬೇಕಾಯಿತು, ಗಂಡನಿಗಲ್ಲ.

ನಿಮ್ಮ ಸರದಿಯ ಭಾನುವಾರ ಬಾಫಾತನ್ನು ಶನಿವಾರ ಸಂಜೆಯೇ ಮಾಡಿಡಿ. ಹಂದಿ ಮಾಂಸಕ್ಕೆ ಹುಳಿ ಖಾರ ಹಿಡಿಯುವುದೇ ಮರುದಿನ. ಸನ್ನಾಗಳನ್ನೂ (ಹುದುಗಿಸಿದ ಅಕ್ಕಿ ಹಿಟ್ಟಿನ ಇಡ್ಲಿಯಂಥವು) ಮೊದಲೇ ಬೇಯಿಸಿಟ್ಟು ಊಟದ ಹೊತ್ತಿಗೆ ಮತ್ತೊಮ್ಮೆ ಹಬೆ ಕೊಟ್ಟರೆ ಹೊಸದರಂತೆಯೇ ಇರುತ್ತವೆ. ಒಂದು ಬಾಫಾತ್, ಸನ್ನಾ, ಒಂದು ಪಲ್ಯ. ಅಷ್ಟೇ. ಪ್ರಾರ್ಥನಾಕೂಟಕ್ಕೆ ಬೋಂಡ ಯಾಕೆ? ಚಹಾ ಮತ್ತು ಬಾಳೆಹಣ್ಣು ಇಡಿ. ಶುಭಸಂದೇಶದ ಹೊತ್ತಿಗೆ ಎಲ್ಲರೊಡನೆ ಚಾವಡಿಯಲ್ಲಿ ಕುಳಿತುಕೊಳ್ಳಿ. ಯಾರಾದರೂ ಬೋಂಡ ಇಲ್ಲವೇ ಎಂದು ಕೇಳಿದರೆ ಮುಂದಿನ ಕೂಟ ಅವರ ಮನೆಯಲ್ಲಾಗಲಿ.

ನಿಮ್ಮ ಪತ್ರದಲ್ಲಿ ನೀವು ಅರ್ಧ ಸಾಲಿನಲ್ಲಿ ಬರೆದು ದಾಟಿಹೋದ ಸಂಗತಿಯೊಂದು ನನ್ನನ್ನು ಬಹಳ ಕಾಡಿತು. ಎಪ್ಪತ್ತನಾಲ್ಕರ ಅತ್ತೆ ಇಂದಿಗೂ ಎಲ್ಲರಿಗಿಂತ ಕೊನೆಗೆ, ಅಡುಗೆಮನೆಯ ಮಣೆಯ ಮೇಲೆ ಉಣ್ಣುತ್ತಾರೆ. ಐವತ್ತು ವರ್ಷ ಮಾಡಿದೆ ಎನ್ನುವುದನ್ನು ನೀವು ಚುಚ್ಚುಮಾತೆಂದು ತಿಳಿದಿದ್ದೀರಿ. ಇರಬಹುದು. ಆದರೆ ಆ ಐವತ್ತು ವರ್ಷಗಳಲ್ಲಿ ‘ನಿಮಗೆ ಸಾಕಾಗಿದೆಯೇ’ ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ? ಕೇಟರಿಂಗ್ ಎಂದಾಗ ಅವರಿಗೆ ಕೇಳಿಸಿದ್ದು ‘ನಿಮ್ಮ ಕೆಲಸವನ್ನು ದುಡ್ಡಿಗೆ ಯಾರು ಬೇಕಾದರೂ ಮಾಡಿಯಾರು’ ಎಂದು. ಹತ್ತು ದಿನ ಮಾತು ಬಿಡಲು ಅದು ಸಾಕು. ಅವರು ಮಾತಾಡಲಿ ಎಂದು ಕಾಯಬೇಡಿ. ಇಂದು ರಾತ್ರಿ ಅವರ ತಟ್ಟೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಮ್ಮದನ್ನೂ ಇಟ್ಟು, ಎಲ್ಲರೊಡನೆ ಕುಳಿತುಬಿಡಿ. ಬೇಡ ಎನ್ನುತ್ತಾರೆ. ಎರಡನೆಯ ದಿನವೂ ಬೇಡ ಎನ್ನುತ್ತಾರೆ. ಆದರೂ ಇಡಿ.

ತೆನೆಹಬ್ಬದ ಕೇಟರಿಂಗ್ ಪಾಪವಲ್ಲ. ಆದರೂ ನಾನು ಅದನ್ನು ಮಾಡಲಿಕ್ಕಿಲ್ಲ, ಕಾರಣ ಬೇರೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಮನೆಯವರೆಲ್ಲ ಒಟ್ಟಾಗುವ ದಿನ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ತಂದು, ನಾಲ್ಕು ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ, ಊರಲ್ಲಿಲ್ಲದ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳುಹಿಸುವ ಹಬ್ಬ. ನಿಮ್ಮವರಿಗೂ ಹದಿನಾಲ್ಕು ವರ್ಷ ಆ ಲಕೋಟೆ ಹೋಗಿರಬೇಕಲ್ಲ? ರೂಮಿನಲ್ಲಿ ಅದನ್ನು ಒಡೆದು ಬಾಯಿಗೆ ಹಾಕಿಕೊಂಡಾಗ ಎಷ್ಟು ಬಗೆ ಪಲ್ಯವಿತ್ತು ಎಂದು ಕೇಳಿ ನೋಡಿ. ಈ ಇಪ್ಪತ್ತೈದು ಜನರನ್ನು ಕರೆಯುವ ಹಂಬಲದ ಹಿಂದೆ ಅದೇ ಇದ್ದೀತು ಎಂದು ನನ್ನ ಊಹೆ. ಹಬ್ಬಗಳನ್ನು ಕಳೆದುಕೊಂಡವರು ಮರಳಿದ ಮೇಲೆ ಬಡ್ಡಿ ಸಮೇತ ಆಚರಿಸಲು ಹೊರಡುತ್ತಾರೆ.

ಪದಾರ್ಥಗಳು ಬೆಸಸಂಖ್ಯೆಯಲ್ಲಿರಬೇಕು ಎನ್ನುತ್ತಾರೆ ಹಿರಿಯರು. ಒಂಬತ್ತು ಬೆಸ, ಏಳು ಬೆಸ, ಮೂರೂ ಬೆಸವೇ. ಓಣಂ ಸದ್ಯದೊಡನೆ ಸ್ಪರ್ಧೆ ಬೇಡ. ನೆರೆಯವರು ನಮ್ಮಲ್ಲಿಗೆ ಬರುವುದು ಅವಿಯಲ್ ತಿನ್ನಲಿಕ್ಕಲ್ಲ, ಅದು ಅವರ ಮನೆಯಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ. ಕರೆದವರನ್ನು ಈಗ ಬರಬೇಡಿ ಎನ್ನಲಾಗದು. ಪತಿಯೇ ಫೋನ್ ಮಾಡಿ, ಸಂಬಂಧಿಕರಿಗೆ ಮನೆಗೊಂದು ಪದಾರ್ಥ ಹಂಚಲಿ: ಒಬ್ಬರಿಗೆ ಕೆಸುವಿನ ಸೊಪ್ಪು, ಒಬ್ಬರಿಗೆ ಹರಿವೆ ದಂಟು, ಇನ್ನೊಬ್ಬರಿಗೆ ಹೀರೆಕಾಯಿ. ಸಂಕೋಚವೆನಿಸಿದರೆ ತಿಬೇರಿಯ ಸರೋವರದ ದಂಡೆಯನ್ನು ನೆನಪಿಸಿ. ಪುನರುತ್ಥಾನದ ನಂತರ ಯೇಸು ಬೆಳ್ಳಂಬೆಳಗ್ಗೆ ಕೆಂಡ ಹಾಕಿ, ಮೇಲೆ ಮೀನಿಟ್ಟು, ರೊಟ್ಟಿ ಇಟ್ಟುಕೊಂಡು ಶಿಷ್ಯರಿಗಾಗಿ ಕಾದಿದ್ದರು. ಅಷ್ಟಿದ್ದೂ ನೀವು ಹಿಡಿದ ಮೀನನ್ನೂ ತನ್ನಿ ಎಂದರು. ಉಣ್ಣಲು ಬರುವವರಿಂದ ತರಿಸಿಕೊಳ್ಳಲು ಅವರಿಗೆ ನಾಚಿಕೆಯಾಗಲಿಲ್ಲ. ನಿಮ್ಮ ಮನೆಯಲ್ಲಿ ಅನ್ನ, ತೊಂಡೆಕಾಯಿ–ಗೇರುಬೀಜ ಮತ್ತು ಪಾಯಸ ಮಾತ್ರ ಆಗಲಿ. ತೊಂಡೆಕಾಯಿಯನ್ನು ಹಿಂದಿನ ಸಂಜೆ ಮಕ್ಕಳು ಹೆಚ್ಚಲಿ. ಪಾಯಸ ಅತ್ತೆಯದು, ಹೊಸ ಕಾಳು ಹಾಕುವ ಕೈ ಅವರದೇ ಇರಲಿ, ಅದನ್ನು ಅವರ ಬಳಿ ಕೇಳುವ ನೆಪದಲ್ಲಿ ಮಾತೂ ಶುರುವಾದೀತು.

ಇನ್ನು ಬಾಪ್ಪು. ಭಾನುವಾರದ ಹತ್ತು ಜನರ ಮೇಲಿನ ಸಿಟ್ಟು ಬಿದ್ದದ್ದು ಮಂಗಳವಾರವೋ ಬುಧವಾರವೋ ಬಂದ ಒಬ್ಬ ಮುದುಕನ ಮೇಲೆ. ಕರೆದು ಬಂದ ಹತ್ತು ಜನರಿಗೆ ನಿಮ್ಮ ಊಟವಿಲ್ಲದಿದ್ದರೂ ಅವರವರ ಮನೆಯಲ್ಲಿ ಊಟವಿತ್ತು. ಕರೆಯದೆ ಬಂದ ಬಾಪ್ಪುವಿಗೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಅಡುಗೆಯೂ ಅಲ್ಲ. ಬೆಳಗಿನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಎದುರಿಗೆ ಕುಳಿತುಕೊಳ್ಳುವ ಒಬ್ಬ ಮನುಷ್ಯೆ. ಹತ್ತು ಜನರ ಲೆಕ್ಕದಲ್ಲಿ ನೋಡಿ ನೋಡಿ ಒಬ್ಬರಿಗೆ ಗಂಜಿ ಸಾಕೆಂಬುದೇ ನಿಮಗೆ ಮರೆತುಹೋಗಿತ್ತು. ಗಂಜಿ ಕೊಟ್ಟರೆ ಮನೆಯ ಮರ್ಯಾದೆ ಹೋಗುತ್ತದೆಂಬ ಭಯವೂ ಇತ್ತೇನೋ.

ತೆನೆಹಬ್ಬದವರೆಗೆ ಕಾಯಬೇಡಿ. ಒಂದು ರಜೆಯ ದಿನ ನೀವೇ ಎರಡು ಬಸ್ ಹಿಡಿದು, ಊಟದ ಕ್ಯಾರಿಯರ್ ಹಿಡಿದುಕೊಂಡು ಹೋಗಿ. ಅವರಿಗೆ ಬಡಿಸಿ, ನೀವೂ ಅವರ ಜೊತೆ ಕುಳಿತು ಉಣ್ಣಿ. ಗ್ಯಾಸಿನ ಮಾತನ್ನು ಅವರಾಗಿ ಎತ್ತಿದರೆ ಇದ್ದದ್ದನ್ನು ಹೇಳಿಬಿಡಿ. ಶರಬತ್ತು ಕೊಟ್ಟಾಗಲೇ ಅವರಿಗೆ ಗೊತ್ತಾಗಿರಬೇಕೆಂದು ನನಗೆ ಅನುಮಾನ. ಹಬ್ಬಕ್ಕೂ ಕರೆಯಿರಿ, ನಿಮ್ಮ ಬಾಯಿಂದಲೇ. ಹಲ್ಲಿಲ್ಲವೆಂದು ಬರೆದಿದ್ದೀರಿ. ಕ್ಯಾರಿಯರಿನಲ್ಲಿ ಒಯ್ಯುವ ಸನ್ನಾದ ಹಿಟ್ಟು ಚೆನ್ನಾಗಿ ಹುದುಗಲಿ, ಮಾಂಸ ಎಲುಬು ಬಿಡುವಷ್ಟು ಬೇಯಲಿ, ಖಾರ ಸ್ವಲ್ಪ ಕಡಿಮೆ ಇರಲಿ.