1/8 ದೊಡ್ಡದಾ, 1/5 ದೊಡ್ಡದಾ?

ಪ್ರಶ್ನೆ: 5ಕ್ಕಿಂತ 8 ದೊಡ್ಡದು, ಹಾಗಾಗಿ 1/5ಕ್ಕಿಂತ 1/8 ದೊಡ್ಡದು ಅಂತಾಳೆ ಮಗಳು. ಹೇಗೆ ಬಿಡಿಸಿ ಹೇಳಲಿ?

ಉತ್ತರ: ಗದರಬೇಡಿ. ಪೂರ್ಣ ಸಂಖ್ಯೆಗಳಲ್ಲಿ ಕಲಿತದ್ದನ್ನೇ ಅವಳು ಇಲ್ಲಿಗೂ ತಂದಿದ್ದಾಳೆ. ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು 5, ಇನ್ನೊಂದನ್ನು 8 ಸಮಭಾಗ ಮಾಡಿಸಿ ಪಕ್ಕಪಕ್ಕ ಇಡಿಸಿ, ಛೇದ (ಕೆಳಗಿನ ಸಂಖ್ಯೆ) ಜಾಸ್ತಿಯಾದಷ್ಟೂ ತುಂಡು ಚಿಕ್ಕದು ಅಂತ ಅವಳೇ ಹೇಳುತ್ತಾಳೆ. (ಉದ್ದ ಒಂದೇ ಇರಲೇಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.)

ಆಮೇಲೆ 3/7, 5/8ರಲ್ಲಿ ಯಾವುದು ದೊಡ್ಡದು ಅಂತ ಕೇಳಿ. 7ರ ಅರ್ಧ ಮೂರೂವರೆ, ಹಾಗಾಗಿ 3/7 ಅರ್ಧಕ್ಕಿಂತ ಕಡಿಮೆ. 5/8 ಅರ್ಧ ದಾಟಿದೆ. ದೊಡ್ಡ ಲೆಕ್ಕವೇ ಬೇಡ ಅಲ್ವಾ? 5/6, 7/8 ಬಂದರೆ 1 ಆಗಲು ಎಷ್ಟು ಬೇಕು ನೋಡಿ: 1/6, 1/8. ಕೊರತೆ ಕಡಿಮೆ ಇರುವ 7/8 ದೊಡ್ಡದು. ಓರೆ ಗುಣಾಕಾರ (ಒಂದರ ಮೇಲಿನ ಸಂಖ್ಯೆಯನ್ನು ಇನ್ನೊಂದರ ಕೆಳಗಿನ ಸಂಖ್ಯೆಯಿಂದ ಗುಣಿಸಿ ಹೋಲಿಸುವುದು) ನಂತರ ಕಲಿಸಿ, ಮೊದಲೇ ಕೊಟ್ಟರೆ ಸುಮ್ನೆ ಗುಣಿಸುತ್ತಾಳೆ, ಯಾಕೆ ಅಂತ ಗೊತ್ತಿರುವುದಿಲ್ಲ.