ಓದುಗರ ಪ್ರಶ್ನೆ: ಕ್ಯಾಂಪಸ್ ಹೊಲಕ್ಕೆ ನಾನೂ ಹೋಗ್ಬಹುದಾ ಅಕ್ಕಾ?

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಮ್ದು ಬ್ಯಾಡಗಿ ತಾಲೂಕು, ಮನ್ಯಾಗ ಮೆಣಸಿನಕಾಯಿ, ಗೋವಿನಜೋಳ ಬೆಳಿತಾರ. ನಾ ಈಗ ಕ್ಯಾಲಿಫೋರ್ನಿಯಾದಾಗ ಯುಸಿ ಡೇವಿಸ್‌ಗೆ ಕಂಪ್ಯೂಟರ್ ಸೈನ್ಸ್ ಎಂ.ಎಸ್ ಮಾಡಾಕ ಬಂದೀನಿ, ಹತ್ತು ವಾರದ ಒಂದು ಕ್ವಾರ್ಟರ್ ಮುಗೀತು. ಲ್ಯಾಬು, ರೂಮು, ಮತ್ತ ಲ್ಯಾಬು, ಇಷ್ಟ ಆಗೇತಿ, ಮಾತಾಡ್ಸೋರಿಲ್ಲ. ಇಲ್ಲಿ ಹುಡುಗ್ರು ಹುಡುಗ್ಯಾರು ಸೇರಿ ನಡಸೋ ಸ್ಟೂಡೆಂಟ್ ಫಾರ್ಮ್ ಐತಿ, ಸೈಕಲ್ ಮ್ಯಾಲೆ ಹೋಗುವಾಗ ನೋಡ್ತೀನಿ, ಒಳಗ ಹೋಗಾಕ ಧೈರ್ಯ ಬರವಲ್ದು. ನಮ್ಮಪ್ಪ ನನ್ನ ಹೊಲದ ಕಡೆ ಸುಳಿಯಾಕ ಬಿಟ್ಟಿಲ್ರಿ, "ನೀ ಓದು, ಇದ್ರಾಗ ಏನೈತಿ" ಅಂತಿದ್ರು. ಹಿಂಗಾಗಿ ರೈತನ ಮಗಳಾದ್ರೂ ನಂಗೇನೂ ಬರಂಗಿಲ್ಲ. ಹೋದ್ರ ಏನಂತಾರ? ವೀಸಾಕ್ಕ ಏನಾರ ತ್ರಾಸ ಆಗ್ತದೇನು? ಈ ಲೋಕಲ್ ಫುಡ್ ಅಂತ ಮಂದಿ ಮಾತಾಡ್ತಾರಲ್ಲ, ಅದ್ರಾಗ ನಮ್ಮಂಥೋರಿಗೂ ಜಾಗ ಐತೇನು?
- ಹೆಸರು ಬೇಡ, ಡೇವಿಸ್

ಉತ್ತರ: ತಂಗೀ, ನಿನ್ನ ಪತ್ರ ಎರಡು ಸಲ ಓದ್ದೆ. ನಾನೂ ಅದೇ ಊರಲ್ಲಿ ಎರಡು ವರ್ಷ ಓದಿದವಳು, ಅದೇ ದಾರೀಲಿ ಸೈಕಲ್ ನಿಲ್ಲಿಸ್ಕೊಂಡು ಒಳಗೆ ಹೋಗ್ಲಾ ಬೇಡ್ವಾ ಅಂತ ನಿಂತವಳು. ನಮ್ದು ಮಂಡ್ಯ ಕಡೆ, ಭತ್ತ, ಕಬ್ಬು. ನಮ್ಮನೇಲೂ ಇದೇ ಮಾತು, "ಕೆಸರು ನಮಗೇ ಸಾಕು, ನೀನು ಓದ್ಕೋ". ಹೋಗು ತಂಗಿ, ಈ ವಾರಾನೇ ಹೋಗು.

ಏನಂತಾರೆ ಅಂತ ಕೇಳಿದ್ಯಲ್ಲ, ಏನೂ ಅನ್ನಲ್ಲ. ಆ ಜಾಗ ಶುರುವಾಗಿದ್ದೇ ಗೊತ್ತಿಲ್ಲದವರು ಕಲೀಲಿ ಅಂತ. 1977ರಲ್ಲಿ, ಕ್ಲಾಸ್‌ರೂಮಲ್ಲಿ ಸಿಗದೇ ಇರೋ ಬೇರೆ ಥರದ ಬೇಸಾಯ ನಾವು ಕೈಯಾರೆ ಮಾಡಿ ಕಲೀಬೇಕು ಅಂತ ಹಟ ಹಿಡಿದ ವಿದ್ಯಾರ್ಥಿಗಳಿಂದ ಆಗಿದ್ದು, ಈಗ ಸುಮಾರು 23 ಎಕರೆ ಇದೆ, ತರಕಾರಿ ಬೆಳೆಯೋ ಮಾರ್ಕೆಟ್ ಗಾರ್ಡನ್ ಒಂದು ಕಡೆ, ಮಕ್ಕಳನ್ನೆಲ್ಲ ಕರ್ಕೊಂಡು ಬಂದು ತೋರಿಸೋ ಇಕಾಲಾಜಿಕಲ್ ಗಾರ್ಡನ್ ಇನ್ನೊಂದು ಕಡೆ. ಅದಕ್ಕೂ ಹತ್ತು ವರ್ಷ ಮುಂಚೆ, 1967ರಲ್ಲಿ, ಇದೇ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಆಲನ್ ಚಾಡ್ವಿಕ್ ಅನ್ನೋರು ವಿದ್ಯಾರ್ಥಿಗಳನ್ನ ಸೇರಿಸ್ಕೊಂಡು ಇಂಥದ್ದೇ ಒಂದು ತೋಟ ಶುರು ಮಾಡಿದ್ರು. ಇನ್ನೂ ಹಿಂದಕ್ಕೆ ಹೋದ್ರೆ ನೀನು ಓದ್ತಿರೋ ಯೂನಿವರ್ಸಿಟಿ ಹುಟ್ಟಿದ್ದೇ ಬರ್ಕ್ಲಿ ಯೂನಿವರ್ಸಿಟಿಯ ಹೊಲ ಅಂತ, ಅದರ ಹೆಸರೇ ಯೂನಿವರ್ಸಿಟಿ ಫಾರ್ಮ್ ಅಂತ ಇತ್ತು. ಅಲ್ಲಿನ ಟೀಮುಗಳನ್ನ ಇವತ್ತಿಗೂ ಆಗೀಸ್ ಅಂತ ಕೂಗ್ತಾರಲ್ಲ, ಅದು ಅಗ್ರಿಕಲ್ಚರ್‌ನಿಂದ ಬಂದಿದ್ದು. ನೀನು ಯಾರದ್ದೋ ಹೊಲಕ್ಕೆ ಹೋಗ್ತಿಲ್ಲ ಅಂತ ಗೊತ್ತಾಗ್ಲಿ ಅಂತ ಇಷ್ಟೆಲ್ಲ ಹೇಳಿದ್ದು.

ನನ್ನ ಮೊದಲನೇ ದಿನದ್ದು ಹೇಳ್ತೀನಿ. ಲಾಸ್ ಏಂಜಲಿಸ್‌ನ ಅಪಾರ್ಟ್‌ಮೆಂಟಲ್ಲಿ ಬೆಳೆದ ಒಬ್ಬ ಹುಡುಗಿ ನನ್ ಪಕ್ಕ ಕೂತು ಕ್ಯಾರೆಟ್ ಪಾತೀಲಿ ಕಳೆ ಕೀಳ್ತಿದ್ಲು, ನಿಮ್ಮನೇಲಿ ಏನ್ ಬೆಳೀತೀರಿ ಅಂದ್ಲು, ಭತ್ತ ಅಂದೆ, ಅವಳಿಗೆ ಖುಷಿಯೋ ಖುಷಿ, ಹಾಗಾದ್ರೆ ಪೈರು ಎಷ್ಟು ದಿನಕ್ಕೆ ಕಿತ್ತು ನಾಟಿ ಮಾಡ್ತೀರಿ, ಎಷ್ಟು ದೂರಕ್ಕೆ ನೆಡ್ತೀರಿ ಅಂತ ಒಂದೇ ಸಮ ಕೇಳಿದ್ಲು. ನಂಗೆ ಒಂದಕ್ಕೂ ಉತ್ತರ ಗೊತ್ತಿರ್ಲಿಲ್ಲ. ಗಂಟಲು ಕಟ್ಟಿತು. ಆವತ್ತೇ ಅಮ್ಮಂಗೆ ಫೋನ್ ಮಾಡಿ ಕೇಳ್ದೆ. ಅಮ್ಮ ಒಟ್ಲು ಹಾಕೋದ್ರಿಂದ ಶುರು ಮಾಡಿ, ಬೀಜ ನೆನೆಸಿ ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರ್ಸೋದು, 21 ದಿನದ ಪೈರಿಗೂ 30 ದಿನದ ಪೈರಿಗೂ ತೆಂಡೆ ಒಡೆಯೋದ್ರಲ್ಲಿ ಏನು ವ್ಯತ್ಯಾಸ, ನಾಲೆ ನೀರು ತಡವಾದ ವರ್ಷ ಏನ್ ಮಾಡಿದ್ರು, ಎಲ್ಲಾ ಒಂದೂವರೆ ಗಂಟೆ ಹೇಳಿದ್ಲು. ನಾನು ಮನೆ ಬಿಟ್ಟ ಮೇಲೆ ಅಮ್ಮ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಅಲ್ಲಿವರೆಗೂ ಊಟ ಆಯ್ತಾ, ಚಳಿ ಇದ್ಯಾ, ಇಷ್ಟೇ ಇರ್ತಿತ್ತು ನಮ್ಮಿಬ್ಬರ ಮಾತು. ಅದಕ್ಕೇ ನಿಂಗೆ ಹೇಳೋದು, ಬರಲ್ಲ ಅನ್ನೋದನ್ನ ಮುಚ್ಚಿಟ್ಕೋಬೇಡ, ಹೋಗಿ ಕೆಲಸ ಮಾಡು, ಗೊತ್ತಿಲ್ಲದ್ದನ್ನ ಬಂದು ಅಪ್ಪನ್ನ ಕೇಳು. ಬ್ಯಾಡಗಿ ಮೆಣಸಿನಕಾಯಿ ಬೆಳೆದ ಮನುಷ್ಯನ ಹತ್ರ ಹೇಳೋಕೆ ಎಷ್ಟಿರುತ್ತೆ ಅಂತ ನಿಂಗೇ ಆಶ್ಚರ್ಯ ಆಗುತ್ತೆ ನೋಡು.

ಈಗ ಅಲ್ಲಿ ಚಳಿಗಾಲ, ಮಳೆ ಬರೋದೂ ಈಗ್ಲೇ. ನಮಗೆ ಉಲ್ಟಾ ಅನ್ಸುತ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಅನ್ನೋದೇ ಇಲ್ಲ ಅನ್ಬಹುದು, ಬಿಸಿಲು 38-40 ಡಿಗ್ರಿ ಮುಟ್ಟುತ್ತೆ, ಎಲ್ಲಾ ಡ್ರಿಪ್ ಮೇಲೇ ನಡಿಬೇಕು. ಚಳಿಗಾಲದಲ್ಲಿ ಕೇಲ್, ಚಾರ್ಡ್ ಅನ್ನೋ ಸೊಪ್ಪುಗಳು, ಬೀಟ್‌ರೂಟ್, ಕ್ಯಾರೆಟ್, ಬ್ರಾಕೊಲಿ. ಖಾಲಿ ಇರೋ ಜಾಗದಲ್ಲಿ ವೆಚ್, ಓಟ್ಸ್, ಬೆಲ್ ಬೀನ್ಸ್ ಬಿತ್ತಿರ್ತಾರೆ, ಅದು ತಿನ್ನೋಕಲ್ಲ, ವಸಂತದಲ್ಲಿ ಕತ್ತರಿಸಿ ಮಣ್ಣಿಗೇ ಸೇರ್ಸೋಕೆ, ನಮ್ಮಲ್ಲಿ ಸೆಣಬು ಡಯಾಂಚ ಬಿತ್ತಿ ಉಳೋ ಥರಾನೇ ಹಸಿರೆಲೆ ಗೊಬ್ಬರ. ಗಮ್‌ಬೂಟ್ ಒಂದು ತಗೋ, ಅಲ್ಲಿನ ಜೇಡಿಮಣ್ಣು ಒದ್ದೆ ಆದ್ರೆ ಶೂ ಬಿಡಲ್ಲ. ಕಳೆ ತೆಗೆಯೋಕೆ ಉದ್ದ ಹಿಡಿಯ ಒಂದು ಗುದ್ಲಿ ಕೊಡ್ತಾರೆ, ತುದೀಲಿ ಕುದುರೆ ಸವಾರಿಯ ರಿಕಾಪು ಥರ ಬ್ಲೇಡಿರುತ್ತೆ, ಬಗ್ಗದೆ ಹಿಂದೆ ಮುಂದೆ ಎಳೀತಾ ಹೋಗೋದು, ಐದು ನಿಮಿಷಕ್ಕೆ ಕೈಗೆ ಹತ್ತುತ್ತೆ.

ಒಂದೇ ಮಾತು ಗಟ್ಟಿಯಾಗಿ ಹೇಳ್ತೀನಿ, ಒಂದು ಸಲ ಹೋಗಿ ಫೋಟೋ ತಗೊಂಡು ಬಂದ್ರೆ ಯಾರೂ ಪರಿಚಯ ಆಗಲ್ಲ. ವಾರದಲ್ಲಿ ಒಂದೇ ದಿನ ಹೋಗು ಪರವಾಗಿಲ್ಲ, ಆದ್ರೆ ಅದೇ ದಿನ ಅದೇ ಹೊತ್ತಿಗೆ ಹೋಗು, ಹತ್ತು ವಾರದ ಕ್ವಾರ್ಟರ್ ಪೂರ್ತಿ ಹೋಗು. ವಾಲಂಟಿಯರ್ ಸಮಯ ಕ್ವಾರ್ಟರ್‌ಗೊಂದು ಥರ ಬದಲಾಗ್ತಿರುತ್ತೆ, ಅವರನ್ನೇ ಕೇಳ್ಕೋ. ಮತ್ತೆ ಎಲ್ಲರೂ ಟ್ರ್ಯಾಕ್ಟರ್ ಹತ್ತೋಕೆ, ಟೊಮ್ಯಾಟೊ ಕೊಯ್ಯೋಕೆ ಓಡ್ತಾರೆ, ನೀನು ತರಕಾರಿ ತೊಳೆಯೋ ಜಾಗಕ್ಕೆ ಹೋಗು. ಮೂರ್ನಾಲ್ಕು ಜನ ನೀರಿನ ತೊಟ್ಟಿ ಸುತ್ತ ನಿಂತು ಬೀಟ್‌ರೂಟ್ ಮಣ್ಣು ಉಜ್ಜೋದು, ಸೊಪ್ಪು ಕಟ್ಟೋದು, ಕೈಗೆ ಕೆಲಸ ಇರುತ್ತೆ, ಬಾಯಿ ಖಾಲಿ ಇರುತ್ತೆ, ನಮ್ಮೂರಲ್ಲಿ ಹೆಂಗಸರು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಾ ಊರಿನ ಕಥೆ ಎಲ್ಲಾ ಹೇಳ್ತಾರಲ್ಲ ಹಾಗೇನೇ. ನನ್ನ ಸ್ನೇಹಿತರೆಲ್ಲ ಆ ತೊಟ್ಟಿ ಹತ್ರಾನೇ ಸಿಕ್ಕಿದ್ದು.

ಲೋಕಲ್ ಫುಡ್ ಅಂದ್ಯಲ್ಲ, ಆ ತರಕಾರಿ ಎಲ್ಲಿ ಹೋಗುತ್ತೆ ನೋಡಿದ್ರೆ ಅರ್ಥ ಆಗುತ್ತೆ. ಒಂದಿಷ್ಟು ಬುಟ್ಟಿಗಳಿಗೆ, ಅಂದ್ರೆ ಕ್ಯಾಂಪಸ್ ಮತ್ತು ಊರಿನ ಜನ ಮೊದಲೇ ದುಡ್ಡು ಕಟ್ಟಿ ವಾರಕ್ಕೊಂದು ಬುಟ್ಟಿ ತಗೊಂಡು ಹೋಗ್ತಾರೆ, ಆವತ್ತು ಹೊಲದಲ್ಲಿ ಏನಿದ್ಯೋ ಅದೇ ಬುಟ್ಟೀಲಿ, ಬೆಳೆಯೋರ ನಷ್ಟ ಲಾಭದಲ್ಲಿ ತಿನ್ನೋರೂ ಪಾಲು ತಗೊಂಡ ಹಾಗೆ. ಒಂದಿಷ್ಟು ಸ್ಟೂಡೆಂಟ್ಸೇ ನಡೆಸೋ ಕಾಫಿ ಹೌಸ್ ಅಡುಗೆಮನೆಗೆ. ಒಂದಿಷ್ಟು ಪ್ಯಾಂಟ್ರಿಗೆ, ಅದೂ ವಿದ್ಯಾರ್ಥಿಗಳದ್ದೇ, ಊಟಕ್ಕೆ ಕಷ್ಟ ಆದ ವಿದ್ಯಾರ್ಥಿಗಳಿಗೆ ಅಲ್ಲಿ ಪುಕ್ಕಟೆ ಸಿಗುತ್ತೆ. ತಿಂಗಳ ಕೊನೇಲಿ ನಿನ್ನ ಕೈಯೇ ಖಾಲಿ ಆದ್ರೆ ನೀನೂ ಹೋಗು, ನಾನು ಹೋಗಿದೀನಿ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಶನಿವಾರ ಬೆಳಿಗ್ಗೆ ಸೆಂಟ್ರಲ್ ಪಾರ್ಕಲ್ಲಿ ಫಾರ್ಮರ್ಸ್ ಮಾರ್ಕೆಟ್, 1976ರಿಂದ ನಡೀತಿರೋ ಸಂತೆ, ಬೆಳೆದವರೇ ನಿಂತು ಮಾರ್ತಾರೆ. ಮೆಣಸಿನಕಾಯಿ ಕಾಲಕ್ಕೆ ಅಲ್ಲಿ ಹೋಗಿ ಮಾರೋರ ಹತ್ರ ಮಾತಾಡು, ನಿಮ್ಮೂರಿನ ಮೆಣಸಿನಕಾಯಿ ಬಣ್ಣದ ಬಗ್ಗೆ ಹೇಳು, ಅವರಿಗೂ ಅದು ಬೇಕಾದ ಮಾತೇ.

ನಮ್ಮಂಥೋರಿಗೆ ಜಾಗ ಇದ್ಯಾ? ಬೇಸಿಗೇಲಿ ಟೊಮ್ಯಾಟೊ ಸಾಲಿನ ಮಧ್ಯ ರಾಶಿ ರಾಶಿ ಗೋಣಿಸೊಪ್ಪು ಹುಟ್ಟುತ್ತೆ, ಅದನ್ನ ಕಳೆ ಅಂತ ಕಿತ್ತು ಗುಡ್ಡೆ ಹಾಕಿದ್ರು. ನಾನು ಕೇಳಿ ಒಂದು ಚೀಲ ಮನೆಗೆ ತಂದು, ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿ, ಮುಂದಿನ ವಾರ ಅನ್ನದ ಜೊತೆ ಡಬ್ಬೀಲಿ ತಗೊಂಡು ಹೋದೆ, ಡಬ್ಬಿ ನೆಕ್ಕಿದ್ರು. ಆಮೇಲೆ ಪ್ರತಿ ವಾರ ಯಾರಾದ್ರೂ ಒಬ್ಬರು ಈ ಗಿಡ ನಿಮ್ಮಲ್ಲಿ ತಿಂತಾರಾ ಅಂತ ಹಿಡ್ಕೊಂಡು ಬರೋರು. ನಿಂಗೆ ಬೇಸಾಯ ಬರದೇ ಇರಬಹುದು, ಸೊಪ್ಪಿನ ಪಲ್ಯ ಅಂತೂ ಗೊತ್ತಿರುತ್ತಲ್ಲ. ಒಂದು ಎಚ್ಚರ, ಅದೇ ಥರ ನೆಲಕ್ಕೆ ಅಂಟ್ಕೊಂಡು ಹಬ್ಬೋ ಸ್ಪರ್ಜ್ ಅನ್ನೋ ಕಳೆ ಇದೆ, ಕಡ್ಡಿ ಮುರಿದ್ರೆ ಹಾಲು ಬರುತ್ತೆ, ಅದು ತಿನ್ನೋದಲ್ಲ. ಗೋಣಿಸೊಪ್ಪಿನ ಕಡ್ಡಿ ದಪ್ಪ, ಮುರಿದ್ರೆ ಬರೀ ನೀರು.

ವೀಸಾ ವಿಷ್ಯ. ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ಸಂಬಳದ ಕೆಲಸ ಮಾಡ್ಬಹುದು, ನೀನು ಟಿಎ, ಅಂದ್ರೆ ಪಾಠಕ್ಕೆ ಸಹಾಯಕಿ ಆಗಿದ್ರೆ ಆ ಗಂಟೆಗಳೂ ಅದರೊಳಗೇ ಲೆಕ್ಕ. ವಾಲಂಟಿಯರ್ ಆಗಿ ಹೋಗೋದು ಬೇರೆ, ಫಾರ್ಮಲ್ಲಿ ಕ್ರೆಡಿಟ್‌ಗೆ ಇಂಟರ್ನ್‌ಶಿಪ್ ಮಾಡೋದು ಬೇರೆ, ಸಂಬಳದ ಕೆಲಸ ಬೇರೆ, ಮೂರರಲ್ಲಿ ಯಾವುದು ಅಂತ ಮೊದಲೇ ಕೇಳ್ಕೊಂಡು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಒಂದು ಮೇಲ್ ಹಾಕಿಡು. ಸುತ್ತಮುತ್ತ ಬೇಕಾದಷ್ಟು ದೊಡ್ಡ ಫಾರ್ಮ್‌ಗಳಿವೆ, ಬಾ ಕ್ಯಾಶ್ ಕೊಡ್ತೀವಿ ಅಂದ್ರೆ ಮಾತ್ರ ಹೋಗ್ಬೇಡ, ಓದಿಗೇ ಕುತ್ತು ಬರುತ್ತೆ.

ಪ್ರಶ್ನೆ: ತಿಪಟೂರು ಹತ್ರ ತೆಂಗಿನ ತೋಟ ನಮ್ದು. ಸಾಲ ಮಾಡಿ ಮಗನ್ನ ಅಮೆರಿಕಕ್ಕೆ ಓದೋಕೆ ಕಳ್ಸಿದೀವಿ. ಮೊನ್ನೆ ಫೋಟೋ ಕಳ್ಸಿದಾನೆ, ಕಾಲೇಜಿನ ಹೊಲದಲ್ಲಿ ಗೊಬ್ಬರದ ಗುಡ್ಡೆ ಎಳೀತಾ ನಿಂತಿದಾನೆ, ಮುಖದಲ್ಲಿ ನಗು ಬೇರೆ. ಇದಕ್ಕಾ ಕಳ್ಸಿದ್ದು ನಾವು?
- ಒಬ್ಬ ತಂದೆ

ಉತ್ತರ: ಅಣ್ಣಾ, ನಿಮ್ಮ ಸಂಕಟ ನಂಗೆ ಗೊತ್ತಾಗುತ್ತೆ, ಸಾಲದ ಕಂತು ನೀವು ಕಟ್ಟಬೇಕು, ಬೆನ್ನು ನೋವೂ ನಿಮ್ದೇ, ಮಗನಿಗಾದ್ರೂ ಈ ಗೊಬ್ಬರದ ಸಹವಾಸ ತಪ್ಪಲಿ ಅಂತ ಕಳ್ಸಿದ್ರಿ. ಆದ್ರೆ ಅವನು ಓದು ಬಿಟ್ಟಿಲ್ಲ, ವಾರಕ್ಕೆ ಎರಡು ಮೂರು ಗಂಟೆ ಅಲ್ಲಿ ಹೋಗ್ತಿರಬಹುದು ಅಷ್ಟೇ. ಆ ಗುಡ್ಡೇಲೂ ಓದಿದೆ ಅಣ್ಣಾ. ಅಮೆರಿಕದ ಸಾವಯವ ನಿಯಮದ ಪ್ರಕಾರ ಸಾಲು ಗುಡ್ಡೆ ಹಾಕಿ ಕಾಂಪೋಸ್ಟ್ ಮಾಡಿದ್ರೆ ಅದರೊಳಗಿನ ಬಿಸಿ 55ರಿಂದ 77 ಡಿಗ್ರಿ ಸೆಲ್ಸಿಯಸ್ ಮಧ್ಯ 15 ದಿನ ಇರಬೇಕು, ಅಷ್ಟರಲ್ಲಿ ಕಡಿಮೆ ಅಂದ್ರೂ 5 ಸಲ ಮಗುಚಬೇಕು, ಹಸಿ ಸಗಣಿಯ ರೋಗಾಣು, ಕಳೆ ಬೀಜ ಸಾಯಲಿ ಅಂತ. ಅವನು ಉದ್ದ ಥರ್ಮಾಮೀಟರ್ ಚುಚ್ಚಿ ದಿನಾ ಬರ್ಕೋತಿದ್ರೂ ಬರ್ಕೋತಿರಬಹುದು. ಇನ್ನೊಂದು ಸಲ ಫೋನ್ ಮಾಡಿದಾಗ ಬಯ್ಯೋ ಮುಂಚೆ ಒಂದೇ ಒಂದು ಕೇಳಿ, ಗುಡ್ಡೆ ಎಷ್ಟು ಬಿಸಿ ಆಗಿದೆಯಪ್ಪಾ ಅಂತ. ಆಮೇಲೆ ನಿಮ್ಮ ತಿಪ್ಪೇಲಿ ಗರಿ, ಸಿಪ್ಪೆ ಕರಗೋಕೆ ಎಷ್ಟು ದಿನ ಹಿಡಿಯುತ್ತೆ ಅಂತ ನೀವು ಹೇಳಿ. ಕ್ಯಾಲಿಫೋರ್ನಿಯಾದಲ್ಲಿದ್ರೆ, ಬೇಸಿಗೇಲಿ ಅವನಿಗೆ ಬೆಳಿಗ್ಗೆ 8 ಗಂಟೆ ಅಂದ್ರೆ ನಿಮಗೆ ರಾತ್ರಿ ಎಂಟೂವರೆ, ಇಬ್ಬರಿಗೂ ಪುರುಸೊತ್ತಿರೋ ಹೊತ್ತು.

ಪ್ರಶ್ನೆ: ನಾವು ತುಮಕೂರಿನ ಎಂಜಿನಿಯರಿಂಗ್ ಸ್ಟೂಡೆಂಟ್ಸ್. ಹಾಸ್ಟೆಲ್ ಹಿಂದೆ ಅರ್ಧ ಎಕರೆ ಖಾಲಿ ಬಿದ್ದಿದೆ, ಮ್ಯಾನೇಜ್‌ಮೆಂಟ್ ಮಾಡ್ಕೊಳ್ಳಿ ಅಂದಿದೆ. ಎಲ್ಲಿಂದ ಶುರು ಮಾಡೋದು?
- ಆರು ಜನ ಗೆಳೆಯರು

ಉತ್ತರ: ರಜೆಯಿಂದ ಶುರು ಮಾಡಿ ಮಕ್ಕಳೇ. ಸೆಮಿಸ್ಟರ್ ರಜೇಲಿ ನೀವೆಲ್ಲ ಊರಿಗೆ ಹೋದಾಗ ನೀರು ಯಾರು ಬಿಡ್ತಾರೆ ಅಂತ ಮೊದಲು ತೀರ್ಮಾನ ಆಗ್ಲಿ, ಹಾಸ್ಟೆಲ್ ತೋಟಗಳು ಒಣಗೋದು ಅಲ್ಲೇ. ಅರ್ಧ ಎಕರೆ ಪೂರ್ತಿ ಕೈ ಹಾಕ್ಬೇಡಿ, ಆರು ಮಡಿ ಮಾಡಿ, ಉಳಿದಿದ್ದಕ್ಕೆಲ್ಲ ಸೆಣಬು ಚೆಲ್ಲಿ, ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಮಣ್ಣಿಗೆ ಸೇರ್ಸಿ. ಮಡೀಲಿ ಮೆಂತ್ಯ, ದಂಟು, ಪಾಲಕ್ ಹಾಕಿ, ತಿಂಗಳೊಳಗೆ ಕೊಯ್ಲಿಗೆ ಬರುತ್ತೆ, ಹುರುಪು ಉಳಿಯುತ್ತೆ. ಮಣ್ಣು ಪರೀಕ್ಷೆಗೆ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ರಾನೇ ಇದೆ, ಹೋಗಿ ಕೇಳಿ. ಸೊಪ್ಪನ್ನ ಮೆಸ್‌ಗೆ ಪುಕ್ಕಟೆ ಕೊಡ್ಬೇಡಿ, ಕಡಿಮೆ ಆದ್ರೂ ಒಂದು ರೇಟ್ ಮಾಡ್ಕೊಳ್ಳಿ, ಆ ದುಡ್ಡು ಮುಂದಿನ ಬೀಜಕ್ಕೆ. ನಿಮ್ಮ ಕಾಲೇಜಲ್ಲಿ ಗಿಡಕ್ಕೆ ನೀರು ಹಾಕೋ ಅಣ್ಣ, ಮೆಸ್‌ನಲ್ಲಿ ಪಾತ್ರೆ ತೊಳೆಯೋ ಅಕ್ಕ, ಅವರಲ್ಲಿ ಹೊಲ ಮಾಡಿದವರು ಖಂಡಿತ ಇರ್ತಾರೆ. ಮೊದಲನೇ ದಿನ ಪ್ರಿನ್ಸಿಪಾಲರನ್ನ ಕರ್ದು ಗಿಡ ನೆಡ್ಸೋ ಬದಲು ಅವರನ್ನ ಕರ್ದು ಮಡಿ ಹೇಗೆ ಕಟ್ಟೋದು ಅಂತ ಕೇಳಿ.

ಪ್ರಶ್ನೆ: ಆಗಸ್ಟಲ್ಲಿ ಅಮೆರಿಕಕ್ಕೆ ಹೊರಟಿದೀನಿ. ಅಲ್ಲಿನ ಕ್ಯಾಂಪಸ್ ತೋಟದಲ್ಲಿ ಹಾಕೋಕೆ ಅಂತ ಅಜ್ಜಿ ಅವರೆ ಬೀಜ, ಒಂದು ಕರಿಬೇವಿನ ಸಸಿ ಕಟ್ಟಿಟ್ಟಿದಾರೆ. ತಗೊಂಡು ಹೋಗ್ಬಹುದಾ?
- ಚನ್ನರಾಯಪಟ್ಟಣ

ಉತ್ತರ: ಬೇಡಪ್ಪಾ. ಬಿತ್ತೋ ಬೀಜಕ್ಕೆ ರೋಗ, ಹುಳ ಇಲ್ಲ ಅಂತ ಹೇಳೋ ಫೈಟೋಸ್ಯಾನಿಟರಿ ಸರ್ಟಿಫಿಕೇಟೋ ಅಲ್ಲಿನ ಕೃಷಿ ಇಲಾಖೆಯ ಪರ್ಮಿಟ್ಟೋ ಬೇಕು, ಬ್ಯಾಗಲ್ಲಿ ಇದೆ ಅಂತ ಹೇಳದೆ ಸಿಕ್ಕಿಬಿದ್ರೆ ದಂಡ. ಕರಿಬೇವು ಅಂತೂ ಎಲೇನೂ ಬೇಡ. ಕಿತ್ತಳೆ, ನಿಂಬೆ ಗಿಡಗಳಿಗೆ ಹಸಿರು ರೋಗ ಹರಡೋ ಏಷಿಯನ್ ಸಿಟ್ರಸ್ ಸಿಲ್ಲಿಡ್ ಅನ್ನೋ ಪುಟ್ಟ ಹುಳ ಕರಿಬೇವಿನ ಮೇಲೆ ಬದುಕುತ್ತೆ, ಆ ರೋಗ ಬಂದ ಮರಕ್ಕೆ ಮದ್ದಿಲ್ಲ, ಒಂದು ಸಸಿಯಿಂದ ಯಾರದ್ದೋ ತೋಟಾನೇ ಹೋಗ್ಬಹುದು. ಅವರೆ ಬೀಜ ಅಲ್ಲಿನ ಸೀಡ್ ಕಂಪನಿಗಳೂ ಮಾರ್ತಾವೆ, ಹಯಸಿಂತ್ ಬೀನ್ ಅಂತ ಕೇಳು, ಹೂವಿಗೋಸ್ಕರ ಬೆಳೆಸ್ತಾರೆ ಅವರು. ಒಣಗಿದ ಬೀಜದಲ್ಲಿ ವಿಷದ ಅಂಶ ಇರುತ್ತೆ, ಹಾಗಾಗಿ ಚೆನ್ನಾಗಿ ನೆನೆಸಿ, ಕುದಿಸಿದ ನೀರು ಚೆಲ್ಲಿ ಬೇಯಿಸ್ಬೇಕು ಅಂತ ಅಲ್ಲಿ ತಿನ್ನೋರಿಗೆ ಹೇಳು. ಅಜ್ಜಿ ಹತ್ರ ಹೊರಡೋಕೆ ಮುಂಚೆ ಒಂದು ದಿನ ಕೂತು, ಯಾವಾಗ ಬಿತ್ತೋದು, ಚಪ್ಪರಕ್ಕೆ ಹೇಗೆ ಹಬ್ಬಿಸೋದು ಅಂತ ವಿಡಿಯೋ ಮಾಡ್ಕೋ, ಅದಕ್ಕೆ ಕಸ್ಟಮ್ಸ್ ಇಲ್ಲ.